ನಡೆಯುವವರ ದುಡ್ಡು, ಓಡಿಸುವವರ ರಸ್ತೆ

ಮಂಗಳೂರಿನ ಚಿಲಿಂಬಿಯ ಕಡೆ ‘ಕೂಳೂರು ಫೆರಿ ರೋಡ್’ ಎಂಬ ಒಂದು ರಸ್ತೆ ಉಂಟು. ಅಂಗಡಿಗಳ ಬೋರ್ಡಿನಲ್ಲಿ, ಮದುವೆ ಕಾಗದದಲ್ಲಿ, ಅಂಚೆ ವಿಳಾಸದಲ್ಲಿ ಈಗಲೂ ಅದೇ ಹೆಸರು. ಆದರೆ ಕೂಳೂರಿನಲ್ಲಿ ಹೋಗಿ ಹುಡುಕಿದರೆ ಫೆರಿ ಇಲ್ಲ. ಫೆರಿ ಅಂದರೆ ಕಡವು; ಗುರುಪುರ ಹೊಳೆಯನ್ನು, ಅದೇ ಫಲ್ಗುಣಿಯನ್ನು, ದೋಣಿಯಲ್ಲಿ ದಾಟುವ ಜಾಗ. ಸಂಕ ಬರುವ ಮೊದಲು ಮಂಗಳೂರಿನಿಂದ ಪಣಂಬೂರು, ಸುರತ್ಕಲ್, ಮೂಲ್ಕಿ ಕಡೆಗೆ ಹೋಗುವ ದಾರಿ ಈ ನೀರಿನ ಅಂಚಿಗೆ ಬಂದು ನಿಲ್ಲುತ್ತಿತ್ತು. ಆಮೇಲೆ ದೋಣಿ ಹೋಯಿತು, ಸಂಕ ಬಂತು. ಸಂಕದ ಪಕ್ಕ ಇನ್ನೊಂದು ಸಂಕ ಬಂತು. ಮೂರನೆಯದರ ಕೆಲಸ ಹಿಡಿದು ವರ್ಷಗಳಾದವು. ತಲೆಹೊರೆ ಹೊತ್ತು ಕಡವಿಗೆ ನಡೆದು ಬರುತ್ತಿದ್ದವರ ಗುರುತು ಉಳಿದಿರುವುದು ಆ ರಸ್ತೆಯ ಹೆಸರಲ್ಲಿ ಮಾತ್ರ.

ಹೊಳೆ ದಾಟಲಿಕ್ಕೂ ದುಡ್ಡು ಬೇಕಾಗಿತ್ತು. ಆಗ ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. 1890ರಲ್ಲಿ ಮದ್ರಾಸ್ ಸರ್ಕಾರ ಕಾಲುವೆಗಳಿಗೆ ಮತ್ತು ಸಾರ್ವಜನಿಕ ಕಡವುಗಳಿಗೆಂದು ಒಂದು ಕಾಯ್ದೆಯನ್ನೇ ಮಾಡಿತು. ಕಡವನ್ನು ಗುತ್ತಿಗೆಗೆ ಕೊಡುವುದು, ಗುತ್ತಿಗೆದಾರ ದಾಟುವವರಿಂದ ಸುಂಕ ವಸೂಲಿ ಮಾಡುವುದು, ಹೀಗೆ ಅದರ ಏರ್ಪಾಡು. ‘ಸಾರ್ವಜನಿಕ’ ಎಂಬ ಮಾತು ಕಾಗದದ ಮೇಲೆ ಬಂತು. ಸಾರ್ವಜನಿಕ ಅಂದರೆ ಯಾರು ಎಂದು ಮಾತ್ರ ಯಾರೂ ಕೇಳಲಿಲ್ಲ.

ಗೆಳೆಯರೆ, ನಮ್ಮ ಊರುಗಳ ರಸ್ತೆ, ಸಂಕ, ಕಾಲುದಾರಿಗಳ ಚರಿತ್ರೆಯನ್ನು ಬರೆದವರು ಹೆಚ್ಚಾಗಿ ಎಂಜಿನಿಯರುಗಳು, ಇಲ್ಲವಾದರೆ ಗೆಜೆಟಿಯರು ಬರೆಯುವ ಅಧಿಕಾರಿಗಳು. ಎಷ್ಟು ಮೈಲಿ, ಎಷ್ಟು ರೂಪಾಯಿ, ಯಾವ ಗವರ್ನರ್ ಬಂದು ರಿಬ್ಬನ್ ಕತ್ತರಿಸಿದ, ಇಷ್ಟೇ. ಆ ರೂಪಾಯಿ ಯಾರ ಬೆವರಿನಿಂದ ಬಂತು, ಆ ಮೈಲಿಗಳ ಮೇಲೆ ಯಾರು ನಡೆಯಬಹುದಾಗಿತ್ತು, ಯಾರು ನಡೆಯಬಾರದಾಗಿತ್ತು ಎಂಬ ಲೆಕ್ಕ ಅಲ್ಲಿ ಸಿಗುವುದಿಲ್ಲ. ಆ ಲೆಕ್ಕವನ್ನು ನಾವೇ ತೆಗೆಯಬೇಕು.

1866ರಲ್ಲಿ ಮದ್ರಾಸ್ ಸರ್ಕಾರ ಜಿಲ್ಲಾ ರಸ್ತೆಗಳಿಗಾಗಿ ಭೂಮಿಯ ಮೇಲೆ ಸೆಸ್ ಹಾಕಿತು. 1871ರಲ್ಲಿ ಲೋಕಲ್ ಫಂಡ್ ಕಾಯ್ದೆ ಬಂತು. 1884ರಲ್ಲಿ ಲೋಕಲ್ ಬೋರ್ಡುಗಳ ಕಾಯ್ದೆ ಬಂದು ಜಿಲ್ಲಾ ಬೋರ್ಡು, ತಾಲೂಕು ಬೋರ್ಡುಗಳು ಹುಟ್ಟಿದವು. ರಸ್ತೆ ಮಾಡುವುದು, ರಿಪೇರಿ ಮಾಡುವುದು ಇವುಗಳ ದೊಡ್ಡ ಕೆಲಸ. ದುಡ್ಡು ಬರುತ್ತಿದ್ದದ್ದು ಮುಖ್ಯವಾಗಿ ಭೂಮಿಯ ಸೆಸ್ಸಿನಿಂದ ಮತ್ತು ಸುಂಕದ ಗೇಟುಗಳಿಂದ. ಬೋರ್ಡಿನ ಪುಸ್ತಕದಲ್ಲಿ ಸೆಸ್ ಕಟ್ಟಿದವನ ಹೆಸರು ವರ್ಗದಾರ, ಅಂದರೆ ಧಣಿ. ಧಣಿ ಕಟ್ಟಿದ್ದು ಗೇಣಿಯಿಂದ. ಗೇಣಿ ಬಂದದ್ದು ಒಕ್ಕಲಿನವನು ಅಳೆದು ಕೊಟ್ಟ ಅಕ್ಕಿಯ ಮುಡಿಗಳಿಂದ. ಆ ಅಕ್ಕಿ ಬಂದದ್ದು ಕೆಸರಲ್ಲಿ ನಿಂತು ನೇಜಿ ನೆಟ್ಟ ಮೂಲದಾಳುಗಳ ಕೈಯಿಂದ. 1843ರ ಐದನೆಯ ಕಾಯ್ದೆ ಗುಲಾಮಗಿರಿಯನ್ನು ಕೋರ್ಟಿನಿಂದ ತೆಗೆದುಹಾಕಿತ್ತು; ಗದ್ದೆಯಿಂದ ತೆಗೆದಿರಲಿಲ್ಲ. ಹೀಗೆ ನಾಲ್ಕು ಕೈ ದಾಟಿ ಬಂದ ದುಡ್ಡಿನಿಂದ ರಸ್ತೆಗೆ ಜಲ್ಲಿ ಬಿತ್ತು. ಮೊದಲ ಕೈಯವನ ಹೆಸರು ಯಾವ ಪುಸ್ತಕದಲ್ಲೂ ಬರಲಿಲ್ಲ.

ಆ ರಸ್ತೆಯ ಮೇಲೆ ಅವನ ಸ್ಥಿತಿ ಏನಾಗಿತ್ತು? ಎಡ್ಗರ್ ಥರ್ಸ್ಟನ್ 1909ರಲ್ಲಿ ಅಚ್ಚು ಮಾಡಿಸಿದ ದಕ್ಷಿಣ ಭಾರತದ ಜಾತಿ-ಬುಡಕಟ್ಟುಗಳ ಸಂಪುಟಗಳಲ್ಲಿ ನಮ್ಮ ಜಿಲ್ಲೆಯ ಕೊರಗರ ಮೇಲೆ ಹಲವು ಪುಟಗಳಿವೆ. ಅದರಲ್ಲಿ ‘ಅಂಡೆ ಕೊರಗ’ ಎಂಬ ಒಂದು ಪಂಗಡದ ಮಾತು ಬರುತ್ತದೆ. ಇವರು ಕೊರಳಿಗೆ ಒಂದು ಅಂಡೆಯನ್ನು ಕಟ್ಟಿಕೊಂಡು ತಿರುಗಬೇಕಾಗಿತ್ತು. ಯಾಕೆ? ಉಗುಳು ಬಂದರೆ ಅದರೊಳಗೇ ಉಗುಳಬೇಕು. ಸಾರ್ವಜನಿಕ ದಾರಿಯ ಮೇಲೆ ಉಗುಳಿದರೆ ದಾರಿ ಮೈಲಿಗೆ! ದನ ಸೆಗಣಿ ಹಾಕಿದರೆ ಶುದ್ಧ. ನಾಯಿ ಕಾಲೆತ್ತಿದರೆ ಅಡ್ಡಿಯಿಲ್ಲ. ಮನುಷ್ಯನ ಉಗುಳಿಗೆ ಮಾತ್ರ ಕೊರಳಲ್ಲಿ ಜೈಲು. ಸರ್ಕಾರಿ ಬರಹಗಾರನೇ ಬರೆದಿಟ್ಟ ಸಂಗತಿ ಇದು, ನಮ್ಮ ಕಲ್ಪನೆಯಲ್ಲ. ಕೊರಗರ ಮೇಲಿನ ಇನ್ನೊಂದು ಹೇಸಿಗೆಯಾದ ಅಜಲು ಪದ್ಧತಿಯನ್ನು ಕರ್ನಾಟಕ ಸರ್ಕಾರ ಕಾಯ್ದೆ ಮಾಡಿ ನಿಷೇಧಿಸಲಿಕ್ಕೆ 2000ದವರೆಗೆ ಕಾಯಬೇಕಾಯಿತು.

ಈಗ ಚಿಲಿಂಬಿಗೆ ಮರಳಿ ಬರೋಣ. 1892ರಲ್ಲಿ ಕುದ್ಮುಲ್ ರಂಗರಾಯರು ಉರ್ವದ ಇದೇ ಚಿಲಿಂಬಿಯಲ್ಲಿ ಅಸ್ಪೃಶ್ಯರ ಮಕ್ಕಳಿಗಾಗಿ ಶಾಲೆ ತೆರೆದರು. ಮೇಲ್ಜಾತಿಯವರ ಕಾಟಕ್ಕೆ ಶಾಲೆ ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಹೋಗುತ್ತಲೇ ಇರಬೇಕಾಯಿತು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದರು. ಮಂಗಳೂರಿನಲ್ಲಿರುವ ಅವರ ಸಮಾಧಿಯ ಮೇಲೆ ಕೆತ್ತಿರುವ ಅವರ ಆಸೆಯನ್ನು ಈ ಜಿಲ್ಲೆಯ ಮೇಷ್ಟರುಗಳೆಲ್ಲ ಬಲ್ಲರು: ತನ್ನ ಶಾಲೆಯಲ್ಲಿ ಓದಿದ ಮಗು ದೊಡ್ಡ ಸರ್ಕಾರಿ ಹುದ್ದೆಗೇರಿ ಕಾರಿನಲ್ಲಿ ಹೋಗಬೇಕು, ಆ ಕಾರು ಎಬ್ಬಿಸಿದ ಧೂಳು ತನ್ನ ತಲೆಗೆ ತಾಗಬೇಕು ಎಂಬುದು ಅದರ ತಾತ್ಪರ್ಯ. ಭಾಷಣಗಳಲ್ಲಿ ಇದನ್ನು ಬರೀ ತ್ಯಾಗದ ಮಾತಾಗಿ ಹೇಳಿ ಚಪ್ಪಾಳೆ ತಟ್ಟಿಸುತ್ತಾರೆ. ನನಗೆ ಕಾಣುವುದು ಅದರೊಳಗಿನ ರಸ್ತೆ. ಯಾರ ಉಗುಳು ದಾರಿಗೆ ಬೀಳಬಾರದಾಗಿತ್ತೋ ಅಂಥವರ ಮಕ್ಕಳು ಎಬ್ಬಿಸಿದ ಧೂಳು ಬ್ರಾಹ್ಮಣ ಜಾತಿಯಲ್ಲಿ ಹುಟ್ಟಿದವನ ತಲೆಯ ಮೇಲೆ ಬೀಳಬೇಕು! ರಂಗರಾಯರು ಕಂಡ ಕನಸಿನಲ್ಲಿ ಕಾರು ಬಂದದ್ದೂ ಸುಮ್ಮನೆ ಅಲ್ಲ. ನಡೆಯುವವನನ್ನು ಪಕ್ಕಕ್ಕೆ ನಿಲ್ಲು ಅನ್ನಬಹುದು. ಕಾರಿನವನಿಗೆ ಹಾಗೆ ಅನ್ನುವುದು ಕಷ್ಟ.

ಇದೇ ಹೊತ್ತಿನಲ್ಲಿ, 1893ರಲ್ಲಿ, ತೆಂಕಲಾಗಿ ತಿರುವಾಂಕೂರಿನ ವೆಂಗಾನೂರಿನಲ್ಲಿ ಅಯ್ಯಂಕಾಳಿ ಎಂಬ ಪುಲಯರ ಹುಡುಗ ಎರಡು ಎತ್ತು ಕಟ್ಟಿದ ಬಂಡಿ ಕೊಂಡು, ತಲೆಗೆ ಮುಂಡಾಸು ಸುತ್ತಿ, ತನ್ನ ಜಾತಿಯವರಿಗೆ ಮುಚ್ಚಿದ್ದ ಸರ್ಕಾರಿ ರಸ್ತೆಯ ಮೇಲೆ ಓಡಿಸಿಕೊಂಡು ಹೋದ. ಹೊಡೆಯಲು ಬಂದವರ ಎದುರು ನಿಂತ. ಅವನಿಗೆ ಬೇಕಾಗಿದ್ದದ್ದು ಬಂಡಿಯ ಸುಖ ಅಂತ ಯಾರಾದರೂ ಹೇಳುತ್ತಾರೆಯೇ? ರಸ್ತೆ ತನ್ನದೂ ಹೌದು ಎಂದು ಊರಿಗೆ ತೋರಿಸುವುದು ಬೇಕಾಗಿತ್ತು.

ಒಬ್ಬೊಬ್ಬರ ಧೈರ್ಯದಿಂದ ರಸ್ತೆ ಒಂದು ದಿನ ತೆರೆಯಬಹುದು, ಮರುದಿನ ಮುಚ್ಚಬಹುದು. ಕಾನೂನಿಗೆ ಹಿಡಿಯಲಿಕ್ಕೆ ಒಂದು ಹಿಡಿಕೆ ಬೇಕಾಗಿತ್ತು. ಆ ಹಿಡಿಕೆ ಸಿಕ್ಕಿದ್ದು ದುಡ್ಡಿನ ಲೆಕ್ಕದಲ್ಲಿ.

1923ರ ಆಗಸ್ಟ್ 4ರಂದು ಮುಂಬಯಿ ವಿಧಾನ ಪರಿಷತ್ತಿನಲ್ಲಿ ಎಸ್.ಕೆ. ಬೋಲೆ ಎಂಬ ಸದಸ್ಯರು ಒಂದು ಠರಾವು ಮಂಡಿಸಿದರು. ಸಾರ್ವಜನಿಕ ಹಣದಿಂದ ಕಟ್ಟಿದ ಮತ್ತು ನೋಡಿಕೊಳ್ಳುವ ಕೆರೆ, ಬಾವಿ, ಧರ್ಮಶಾಲೆ, ಶಾಲೆ, ಆಸ್ಪತ್ರೆಗಳನ್ನು ಅಸ್ಪೃಶ್ಯರೂ ಬಳಸಲಿಕ್ಕೆ ಬಿಡಬೇಕು ಎಂಬುದು ಅದರ ಸಾರ. ಧರ್ಮ ಏನು ಹೇಳುತ್ತದೆ, ಶಾಸ್ತ್ರ ಏನು ಹೇಳುತ್ತದೆ ಎಂಬ ಚರ್ಚೆಗೇ ಇಳಿಯಲಿಲ್ಲ. ಖಜಾನೆಯ ದುಡ್ಡು ಬಿದ್ದಿದೆಯೋ ಇಲ್ಲವೋ ಹೇಳಿ. ಬಿದ್ದಿದ್ದರೆ ಬಾಗಿಲು ತೆರೆಯಿರಿ. ಉತ್ತರ ಕನ್ನಡ, ಧಾರವಾಡ, ಬೆಳಗಾವಿ, ಬಿಜಾಪುರ ಎಲ್ಲ ಆಗ ಮುಂಬಯಿ ಪ್ರಾಂತ್ಯದಲ್ಲೇ ಇದ್ದವು. ಮುನಿಸಿಪಾಲಿಟಿ, ಲೋಕಲ್ ಬೋರ್ಡುಗಳು ಠರಾವನ್ನು ಮೂಲೆಗೆ ಎಸೆದಾಗ, 1926ರಲ್ಲಿ ಬೋಲೆಯವರು ಇನ್ನೊಂದು ಠರಾವು ತಂದರು: ಪಾಲಿಸದ ಸಂಸ್ಥೆಗಳಿಗೆ ಸರ್ಕಾರದ ಅನುದಾನ ನಿಲ್ಲಿಸಿ. ಇದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಉಪದೇಶದಿಂದ ಬಗ್ಗದವರನ್ನು ಅನುದಾನದ ಕತ್ತರಿಯಿಂದ ಬಗ್ಗಿಸುವ ಆಲೋಚನೆ ನೂರು ವರ್ಷದ ಹಿಂದೆಯೇ ನಮ್ಮವರಲ್ಲಿತ್ತು.

ನಮ್ಮ ಮದ್ರಾಸ್ ಪ್ರಾಂತ್ಯದಲ್ಲಿ 1924ರ ಆಗಸ್ಟಿನಲ್ಲಿ ರೆಟ್ಟಮಲೈ ಶ್ರೀನಿವಾಸನ್ ಅವರು ವಿಧಾನ ಪರಿಷತ್ತಿನಲ್ಲಿ ತಂದ ಠರಾವು ನೇರವಾಗಿ ರಸ್ತೆಯನ್ನೇ ಹಿಡಿದುಕೊಂಡಿತು. ಯಾವುದೇ ಊರಿನ, ಪಟ್ಟಣದ ಸಾರ್ವಜನಿಕ ರಸ್ತೆ, ಬೀದಿ, ಕಾಲುದಾರಿಯಲ್ಲಿ ಯಾವ ಜಾತಿಯವರೂ ನಡೆಯಬಹುದು ಎಂಬುದು ಅದು. ಅದೇ ವರ್ಷ ಸರ್ಕಾರ ಅದನ್ನು ಆಜ್ಞೆಯಾಗಿ ಹೊರಡಿಸಿತು. ದಕ್ಷಿಣ ಕನ್ನಡಕ್ಕೂ ಅನ್ವಯಿಸುವ ಆಜ್ಞೆ. ಓದಿ ನೋಡಿ, ಎಷ್ಟು ಸಣ್ಣ ಮಾತು! ಮನುಷ್ಯರು ದಾರಿಯಲ್ಲಿ ನಡೆಯಬಹುದು. ಇಷ್ಟು ಹೇಳಲಿಕ್ಕೆ ಒಂದು ವಿಧಾನ ಪರಿಷತ್ತು, ಒಂದು ಠರಾವು, ಒಂದು ಸರ್ಕಾರಿ ಆಜ್ಞೆ ಬೇಕಾಯಿತು. ಅದೇ ವರ್ಷ ಮಾರ್ಚ್ 30ರಂದು ವೈಕಂನಲ್ಲಿ ಗುಡಿಯ ಸುತ್ತಲಿನ ರಸ್ತೆಗಳಿಗಾಗಿ ಸತ್ಯಾಗ್ರಹ ಶುರುವಾಗಿತ್ತು. 1925ರ ಕೊನೆಗೆ ಮೂರು ಬದಿಯ ರಸ್ತೆ ತೆರೆಯಿತು. ನಾಲ್ಕನೆಯ ಬದಿ ತೆರೆಯಲಿಲ್ಲ.

ಮಹಾಡಿನಲ್ಲಿ ಮುನಿಸಿಪಾಲಿಟಿ ಬೋಲೆ ಠರಾವಿನಂತೆ ಚವದಾರ್ ಕೆರೆ ತೆರೆದಿದೆ ಎಂದು 1924ರಲ್ಲಿ ನಿರ್ಣಯವನ್ನೇನೋ ಬರೆಯಿತು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ಕೆರೆಯವರೆಗೆ ನಡೆದು ಹೋಗಿ ನೀರು ಕುಡಿದರು. ಹೊಡೆತ ಬಿತ್ತು. ಆಮೇಲೆ ಮೇಲ್ಜಾತಿಯವರು ಕೋರ್ಟಿಗೆ ಹೋಗಿ ಏನು ವಾದಿಸಿದರು ಗೊತ್ತೇ? ಕೆರೆ ಸಾರ್ವಜನಿಕವಲ್ಲ, ಖಾಸಗಿ ಎಂದು. ಮುಂಬಯಿ ಹೈಕೋರ್ಟಿನಲ್ಲಿ 1937ರಲ್ಲಿ ಅವರು ಸೋತರು. ಹತ್ತು ವರ್ಷದ ಆ ವ್ಯಾಜ್ಯದ ತಿರುಳೆಲ್ಲ ಒಂದೇ ಪ್ರಶ್ನೆ: ಇದು ಯಾರ ಸ್ವತ್ತು?

ಈ ಅನುಭವವೆಲ್ಲ ಹೋಗಿ ಕೂತದ್ದು ಸಂವಿಧಾನದ 15ನೆಯ ಅನುಚ್ಛೇದದ ಎರಡನೆಯ ಖಂಡದಲ್ಲಿ. ಪೂರ್ತಿಯಾಗಿ ಅಥವಾ ಭಾಗಶಃ ಸರ್ಕಾರದ ನಿಧಿಯಿಂದ ನಿರ್ವಹಿಸುವ, ಇಲ್ಲವೆ ಸಾರ್ವಜನಿಕರ ಬಳಕೆಗೆ ಬಿಟ್ಟ ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ ಮುಂತಾದವುಗಳಿಂದ ಜಾತಿ, ಧರ್ಮ, ಲಿಂಗ, ಹುಟ್ಟಿದ ಊರು ಯಾವ ಕಾರಣಕ್ಕೂ ಯಾರನ್ನೂ ಹೊರಗಿಡುವಂತಿಲ್ಲ. ಶಾಲೆಯಲ್ಲಿ ಪೌರನೀತಿ ಪಾಠ ಮಾಡುವ ಗೆಳೆಯರು ‘ಸರ್ಕಾರದ ನಿಧಿ’ ಎಂಬ ಈ ಮಾತಿನ ಮೇಲೆ ಒಂದು ಪಿರಿಯಡ್ ಜಾಸ್ತಿ ನಿಲ್ಲಬೇಕು. ಖಜಾನೆಯಿಂದ ಒಂದು ರೂಪಾಯಿ ಬಿದ್ದರೂ ಅಲ್ಲಿ ನಡೆಯುವವನ ಹಕ್ಕು ಹುಟ್ಟಿತು ಎಂದು ಇದರ ಅರ್ಥ.

ಕೂಳೂರಿನ ಕಮಾನಿನ ಸೇತುವೆ ಕಟ್ಟಿದ್ದು ಸಂವಿಧಾನ ಬಂದ ಮೇಲೆ, 1950ರ ದಶಕದ ಆರಂಭದಲ್ಲಿ. ಆಗಿನ್ನೂ ನಾವು ಮದ್ರಾಸಿನವರೇ. ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಹೊಸ ಗಣರಾಜ್ಯದ ದುಡ್ಡಿನಲ್ಲಿ ಎದ್ದ ಈ ಸಂಕದ ಮೇಲೆ ಯಾರನ್ನೂ ತಡೆಯುವಂತಿರಲಿಲ್ಲ. ಕಡವಿನ ಸುಂಕವೂ ಹೋಯಿತು.

ಆಮೇಲೆ ಬಂದರು ಬಂತು. ಪಣಂಬೂರಿನ ನವಮಂಗಳೂರು ಬಂದರನ್ನು 1974ರ ಮೇ 4ರಂದು ದೇಶದ ಒಂಬತ್ತನೆಯ ದೊಡ್ಡ ಬಂದರು ಎಂದು ಸಾರಿದರು. 1975ರ ಜನವರಿಯಲ್ಲಿ ಇಂದಿರಾ ಗಾಂಧಿ ಬಂದು ಉದ್ಘಾಟಿಸಿದರು. ಮಂಗಳೂರು ರಸಗೊಬ್ಬರ ಕಾರ್ಖಾನೆ 1976ರಲ್ಲಿ ಶುರುವಾಯಿತು. ಆಮೇಲೆ ಕುದುರೆಮುಖ ಅದಿರಿನ ಘಟಕ, ಆಮೇಲೆ ಎಂ.ಆರ್.ಪಿ.ಎಲ್. ಬಂದರಿಗಾಗಿ ಒಕ್ಕಲೆದ್ದವರನ್ನು ಕಾಟಿಪಳ್ಳ, ಕೃಷ್ಣಾಪುರದಲ್ಲಿ ಕೂರಿಸಿದರು. ಸಮುದ್ರದ ಬಾಗಿಲಲ್ಲಿದ್ದವನು ಕೆಲಸಕ್ಕೆ ಮೈಲಿಗಟ್ಟಲೆ ಬರಬೇಕಾಯಿತು. ಕಡಲು ತೀರದ ಈ ರಸ್ತೆ, ಹಿಂದಿನ ರಾಷ್ಟ್ರೀಯ ಹೆದ್ದಾರಿ 17, ಈಗಿನ 66, ಹೀಗೆ ಲಾರಿಗಳ ರಸ್ತೆಯಾಯಿತು. ಬಂದರಿಗೆ ದಾರಿ ಬೇಕು ಎಂದು ಸುರತ್ಕಲ್‌ನಿಂದ ನಂತೂರು, ನಂತೂರಿನಿಂದ ಬಿ.ಸಿ. ರೋಡಿನವರೆಗೆ, ಒಟ್ಟು ಸುಮಾರು 37 ಕಿಲೋಮೀಟರನ್ನು ನಾಲ್ಕು ಪಥ ಮಾಡಿದರು. ಅದಕ್ಕಾಗಿ ಹೆದ್ದಾರಿ ಪ್ರಾಧಿಕಾರ ಮತ್ತು ಬಂದರು ಸೇರಿ ಒಂದು ರಸ್ತೆ ಕಂಪೆನಿಯನ್ನೇ ಕಟ್ಟಿದವು. ಕೂಳೂರಿನಲ್ಲಿ ಮೇಲ್ಸೇತುವೆ ಎದ್ದಿತು.

ಈಗ ಬೆಳಿಗ್ಗೆ ಎಂಟು ಗಂಟೆಗೆ ಆ ಮೇಲ್ಸೇತುವೆಯ ಕೆಳಗೆ ನಿಂತು ನೋಡಿ. ಬುತ್ತಿ ಹಿಡಿದ ಗುತ್ತಿಗೆ ಕೂಲಿಯವರು, ಬೀಡಿ ಬ್ರಾಂಚಿಗೆ ಹೊರಟ ಹೆಂಗಸರು, ಯೂನಿಫಾರಂ ಹಾಕಿದ ಮಕ್ಕಳು, ಬಿಜಾಪುರ-ಬಾಗಲಕೋಟೆ ಕಡೆಯಿಂದ ಗಾರೆ ಕೆಲಸಕ್ಕೆ ಬಂದವರು. ಇವರೆಲ್ಲ ಟ್ಯಾಂಕರ್-ಕಂಟೈನರುಗಳ ನಡುವೆ ಸಂದಿ ಹುಡುಕುತ್ತ ದಾಟುವವರು. ಆ ಹಳೆಯ ಕಮಾನಿನ ಸಂಕದ ಇಕ್ಕಟ್ಟಿನಲ್ಲಿ ಲಾರಿ ಪಕ್ಕಕ್ಕೆ ಬಂದರೆ ನಡೆಯುವವನು ಮೈ ಹಿಡಿಮಾಡಿ ಕಂಬಕ್ಕೆ ಒರಗಬೇಕು. ಇಲ್ಲಿ ಯಾರೂ ಅವನ ಜಾತಿ ಕೇಳುವುದಿಲ್ಲ, ನಿಜ. ಲಾರಿಗೆ ಜಾತಿ ಇಲ್ಲ. ಆದರೆ ಇಲ್ಲಿ ನಡೆಯುತ್ತಿರುವವರ ಪಟ್ಟಿ ಮಾಡಿ ನೋಡಿ, ಹಳೆಯ ಪಟ್ಟಿಯೇ ಬಹಳ ಮಟ್ಟಿಗೆ ಮತ್ತೆ ಸಿಗುತ್ತದೆ. 2011ರ ಜನಗಣತಿಯಲ್ಲಿ ಕೃಷಿಯ ಹೊರಗಿನ ಕೆಲಸದವರನ್ನು ಕೆಲಸಕ್ಕೆ ಹೇಗೆ ಹೋಗುತ್ತೀರಿ ಎಂದು ಕೇಳಿದ್ದರು. ದೇಶದಲ್ಲಿ ಐದರಲ್ಲಿ ಒಬ್ಬರಿಗಿಂತ ಹೆಚ್ಚು ಜನ ನಡೆದೇ ಹೋಗುತ್ತಿದ್ದರು. 2022ರಲ್ಲಿ ದೇಶದ ರಸ್ತೆಗಳ ಮೇಲೆ ಸತ್ತ 1,68,491 ಜನರಲ್ಲಿ 32,825 ಮಂದಿ ಪಾದಚಾರಿಗಳು ಎಂದು ಕೇಂದ್ರದ ರಸ್ತೆ ಸಾರಿಗೆ ಇಲಾಖೆಯೇ ಅಚ್ಚು ಹಾಕಿದೆ. ದಿನಕ್ಕೆ ತೊಂಬತ್ತು ಹೆಣ.

ಒಂದು ಹೋರಾಟದ ಮಾತನ್ನು ಇಲ್ಲಿ ಹೇಳಲೇಬೇಕು. ಈ ರಸ್ತೆಯ ಹೆಸರಿನಲ್ಲಿ ಸುರತ್ಕಲ್‌ನಲ್ಲಿ 2015ರ ಕೊನೆಯಿಂದ ಟೋಲ್ ಎತ್ತುತ್ತಿದ್ದರು. ಜನ ವರ್ಷಗಟ್ಟಲೆ ಹೋರಾಡಿದರು. 2022ರ ಅಕ್ಟೋಬರ್ 18ರಂದು ಟೋಲ್ ಗೇಟಿಗೆ ಮುತ್ತಿಗೆ ಹಾಕಿದರು, 28ರಿಂದ ಹಗಲು ರಾತ್ರಿ ಧರಣಿ ಕೂತರು. ಡಿಸೆಂಬರ್ 1ರಂದು ಟೋಲ್ ನಿಂತಿತು. ಇತ್ತೀಚಿನ ಕಾಲದಲ್ಲಿ ಇಷ್ಟು ನೇರವಾಗಿ ಗೆದ್ದ ಹೋರಾಟ ಕರಾವಳಿಯಲ್ಲಿ ಕಡಿಮೆ. ಆದರೂ ಒಂದು ಪ್ರಶ್ನೆ ಉಳಿಯಿತು. ಟೋಲ್ ಕಟ್ಟುವವನಿಗೆ ರಸ್ತೆಯ ಲೆಕ್ಕ ಕೇಳುವ ಬಾಯಿ ಇದೆ, ಯಾಕೆಂದರೆ ರಶೀದಿ ಇದೆ. ನಡೆಯುವವನಿಗೆ ರಶೀದಿ ಇಲ್ಲ. ಪುಕ್ಕಟೆ ನಡೆಯುತ್ತಾನೆ ಅನ್ನುತ್ತಾರೆ. ಪುಕ್ಕಟೆ ಹೌದೇ? 2000ದ ಕೇಂದ್ರ ರಸ್ತೆ ನಿಧಿ ಕಾಯ್ದೆ ಪೆಟ್ರೋಲು-ಡೀಸೆಲಿನ ಮೇಲೆ ರಸ್ತೆ ಸೆಸ್ ಹಾಕಿತು. ಡೀಸೆಲಿನ ಸೆಸ್ ಬಸ್ ಟಿಕೇಟಿನಲ್ಲಿ ಕೂತಿದೆ, ಬಂಗುಡೆಯ ಬೆಲೆಯಲ್ಲಿ ಕೂತಿದೆ, ಕುಚ್ಚಲಕ್ಕಿಯ ಲಾರಿ ಬಾಡಿಗೆಯಲ್ಲಿ ಕೂತಿದೆ. 1866ರ ಕತೆಯೇ ಅಲ್ಲವೇ? ಆಗ ಮೂಲದಾಳಿನ ಬೆವರು ವರ್ಗದಾರನ ಹೆಸರಿನಲ್ಲಿ ಜಮೆಯಾಯಿತು. ಈಗ ಕೂಲಿಯವಳು ಮೀನಿಗೆ ಕೊಟ್ಟ ದುಡ್ಡು ಲಾರಿಯ ಮಾಲೀಕನ ಹೆಸರಿನಲ್ಲಿ ಜಮೆಯಾಗುತ್ತದೆ.

ಇದಕ್ಕಿಂತ ನೇರವಾದ ಲೂಟಿಯೂ ನಡೆಯಿತು. 2013ರಲ್ಲಿ ಕರ್ನಾಟಕ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡಗಳ ಉಪಯೋಜನೆಗೆ ಕಾಯ್ದೆ ಮಾಡಿತು. ನಮ್ಮ ಜನಸಂಖ್ಯೆಗೆ ತಕ್ಕ ಪಾಲನ್ನು ಬಜೆಟ್ಟಿನಲ್ಲಿ ತೆಗೆದಿಡಬೇಕು ಎಂಬ ಕಾಯ್ದೆ, ಒಳ್ಳೆಯದೇ. ಆದರೆ ಅದರೊಳಗೆ 7(ಡಿ) ಎಂಬ ಒಂದು ಕಿಂಡಿ ಇಟ್ಟರು. ಪಾಲು ಮಾಡಲಾಗದ ದೊಡ್ಡ ಮೂಲಸೌಕರ್ಯದ ಕೆಲಸಗಳಿಗೆ ಖರ್ಚು ಮಾಡಿದರೆ ಅದರ ಒಂದು ಭಾಗವನ್ನು ಪರಿಶಿಷ್ಟರಿಗೇ ಖರ್ಚಾಯಿತು ಎಂದು ಭಾವಿಸಬಹುದಂತೆ! ‘ಭಾವಿಸುವುದು’, ಎಂಥ ಮಾತು ನೋಡಿ. ಮೇಲ್ಸೇತುವೆಯ ಮೇಲೆ ದಲಿತನೂ ಹೋಗುತ್ತಾನೆ ಎಂದು ಭಾವಿಸಿ ಕೇರಿಯ ದುಡ್ಡನ್ನು ಅಲ್ಲಿಗೆ ಸುರಿಯುವ ದಾರಿ. ಹತ್ತು ವರ್ಷ ದಲಿತ ಸಂಘಟನೆಗಳು ಕೂಗಿದ ಮೇಲೆ 2023ರಲ್ಲಿ ಆ ಕಲಮನ್ನು ತೆಗೆದರು.

ನಡೆಯುವುದಕ್ಕೆಂದೇ ದುಡ್ಡು ಬರಲಿಲ್ಲವೇ ಎಂದರೆ, ಬಂತು. 2015ರಲ್ಲಿ ಕೇಂದ್ರ ಸರ್ಕಾರ ಸ್ಮಾರ್ಟ್ ಸಿಟಿ ಮಿಷನ್ ಶುರು ಮಾಡಿದಾಗ ನಡೆಯಲಿಕ್ಕೆ ತಕ್ಕ ಬಡಾವಣೆಗಳನ್ನು ಮಾಡುತ್ತೇವೆ ಎಂದು ಅದರ ಮಾರ್ಗಸೂಚಿಯಲ್ಲೇ ಬರೆದಿತ್ತು. 2016ರ ಸೆಪ್ಟೆಂಬರಿನಲ್ಲಿ ಮಂಗಳೂರಿನ ಹೆಸರು ಪಟ್ಟಿಗೆ ಬಂತು. 2025ರ ಮಾರ್ಚಿಗೆ ಮಿಷನ್ ಮುಗಿಯಿತು. ಇದರ ದುಡ್ಡಿನಲ್ಲಿ ನೇತ್ರಾವತಿಯ ದಡದಲ್ಲಿ ವಾಯುವಿಹಾರದ ದಾರಿಯ ಕೆಲಸ ಹಿಡಿದರು. ಹೊಳೆ ನೋಡುತ್ತ ನಡೆಯುವುದು ಒಳ್ಳೆಯದೇ, ಯಾರು ಬೇಡ ಅಂದರು? ಬಡವನಿಗೂ ಸಂಜೆ ಗಾಳಿ ಬೇಕು. ಆದರೆ ಹೊಟ್ಟೆ ಕರಗಿಸಲು ನಡೆಯುವವನಿಗೆ ಕಲ್ಲುಹಾಸು, ಹೊಟ್ಟೆ ತುಂಬಿಸಲು ನಡೆಯುವವನಿಗೆ ಹೆದ್ದಾರಿಯ ಅಂಚಿನ ಜಲ್ಲಿ ಎಂದಾದರೆ ‘ನಡೆಯುವವರು’ ಎಂಬ ಮಾತಿನೊಳಗೇ ಎರಡು ಜಾತಿ ಮಾಡಿದ ಹಾಗಾಯಿತು. ಫುಟ್‌ಪಾತ್ ಬಿಡಿಸುತ್ತೇವೆ ಎಂದು 2024ರಲ್ಲಿ ನಗರಪಾಲಿಕೆ ‘ಟೈಗರ್’ ಕಾರ್ಯಾಚರಣೆ ಮಾಡಿ ಬೀದಿ ವ್ಯಾಪಾರಿಗಳ ಗಾಡಿಗಳನ್ನು ಎತ್ತಿತು. ಬೀದಿ ವ್ಯಾಪಾರಿಗಳ ರಕ್ಷಣೆಗೆ 2014ರ ಕಾಯ್ದೆ ಇದ್ದರೂ ಹೀಗಾಯಿತು. ಗಾಡಿಯವನೂ ನಡೆದು ಬಂದವನೇ, ಅವನ ಗಿರಾಕಿಯೂ ನಡೆದು ಬಂದವನೇ. ಇವರಿಬ್ಬರನ್ನು ಒಬ್ಬರ ಮೇಲೊಬ್ಬರನ್ನು ಬಿಟ್ಟು, ಫುಟ್‌ಪಾತಿನ ಮೇಲೆ ನಿಲ್ಲಿಸಿದ ಕಾರಿನ ಕಡೆಗೆ ಕಣ್ಣು ಹಾಯಿಸದಿರುವುದು ಹಳೆಯ ಜಾಣತನ.

ಸೈಕಲಿನ ಚರಿತ್ರೆ ಇದಕ್ಕಿಂತ ಸ್ವಲ್ಪ ಸಂತೋಷದ್ದು. ಘಟ್ಟದ ಮೇಲಿನ ಎಷ್ಟೋ ಊರುಗಳಲ್ಲಿ ದಲಿತ ಹುಡುಗ ಧಣಿಯ ಮನೆ ಮುಂದೆ ಸೈಕಲ್ ಇಳಿದು, ಚಪ್ಪಲಿ ಕೈಗೆ ತೆಗೆದುಕೊಂಡು, ತಳ್ಳುತ್ತ ಹೋಗಬೇಕಾಗಿದ್ದ ಕಾಲವನ್ನು ಕಂಡವರು ಇನ್ನೂ ಇದ್ದಾರೆ. ಅಂಥ ರಾಜ್ಯದಲ್ಲಿ 2006-07ರಲ್ಲಿ ಸರ್ಕಾರ ಎಂಟನೆಯ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡಲು ಶುರುಮಾಡಿತು. ಮೊದಲು ಬಡ ಹೆಣ್ಣುಮಕ್ಕಳಿಗೆ, ಆಮೇಲೆ ಗಂಡುಮಕ್ಕಳಿಗೂ. ಬೆಲ್ ಇಲ್ಲ, ಬ್ರೇಕು ಹಿಡಿಯುವುದಿಲ್ಲ, ಟೆಂಡರಿನಲ್ಲಿ ತಿಂದರು, ಇದೆಲ್ಲ ದೂರು ಇತ್ತು; ಎಷ್ಟೋ ನಿಜವೂ ಹೌದು. ಆದರೂ ಕೇರಿಯ ಹುಡುಗಿಯೊಬ್ಬಳು ಊರ ಮಧ್ಯೆ ಗಂಟೆ ಬಾರಿಸುತ್ತ ಹೋದಾಗ ಆ ಸೈಕಲಿಗೆ ಸರ್ಕಾರದ ಬಣ್ಣ ಇತ್ತು. ಇಳಿ ಅನ್ನುವ ಧೈರ್ಯ ಎಷ್ಟು ಜನಕ್ಕೆ? ಅದೇ 2006ರಲ್ಲಿ ಬಿಹಾರವೂ ಹೈಸ್ಕೂಲಿನ ಹುಡುಗಿಯರಿಗೆ ಸೈಕಲಿನ ದುಡ್ಡು ಕೊಟ್ಟಿತು. ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಎಂಬ ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿ 2017ರಲ್ಲಿ ಪ್ರಕಟಿಸಿದಂತೆ ಹೈಸ್ಕೂಲಿಗೆ ಸೇರುವ ಹುಡುಗಿಯರ ಸಂಖ್ಯೆ ನೂರಕ್ಕೆ 32ರಷ್ಟು ಏರಿತು. ಇದಕ್ಕೂ ಮೊದಲು, 1990ರ ದಶಕದ ಆರಂಭದಲ್ಲಿ, ತಮಿಳುನಾಡಿನ ಪುದುಕ್ಕೋಟ್ಟೈಯಲ್ಲಿ ಅಕ್ಷರ ಚಳವಳಿಯ ಜೊತೆಗೇ ಸಾವಿರಾರು ಹಳ್ಳಿ ಹೆಂಗಸರು, ಕಲ್ಲು ಕ್ವಾರಿಯ ಕೂಲಿಯವರೂ ಸೇರಿ, ಸೈಕಲ್ ಕಲಿತರು.

ಕರ್ನಾಟಕದಲ್ಲಿ ಏನಾಯಿತು? ಕೊರೋನಾ ವರ್ಷ ಬಂತು, 2020-21ರಿಂದ ಸೈಕಲ್ ನಿಂತಿತು. ಶಾಲೆ ತೆರೆದ ಮೇಲೂ ಸೈಕಲ್ ಬರಲಿಲ್ಲ. ಅತ್ತ ಮೈಸೂರಿನಲ್ಲಿ 2017ರ ಜೂನಿನಲ್ಲಿ ‘ಟ್ರಿಣ್ ಟ್ರಿಣ್’ ಎಂಬ ಬಾಡಿಗೆ ಸೈಕಲ್ ಯೋಜನೆ 450 ಸೈಕಲು, 48 ನಿಲ್ದಾಣಗಳೊಂದಿಗೆ ಬಹಳ ಸಡಗರದಿಂದ ಶುರುವಾಗಿತ್ತು. ಅದನ್ನು ನೋಡಲು ಹೊರದೇಶದವರೂ ಬಂದರು. ಹಳ್ಳಿಯ ಹುಡುಗಿಯ ಸೈಕಲ್ ನಿಂತಾಗ ನೋಡಲಿಕ್ಕೆ ಯಾರೂ ಬರಲಿಲ್ಲ.

ಹಳ್ಳಿಯ ಮಾತು ಬಂದಾಗ ಕಾಲುಸಂಕವನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಕರಾವಳಿ-ಮಲೆನಾಡಿನ ಮೇಷ್ಟರುಗಳಿಗೆ ಇದನ್ನು ವಿವರಿಸಬೇಕಾಗಿಲ್ಲ: ತೋಡಿಗೆ ಅಡ್ಡ ಹಾಕಿದ ಎರಡು ಅಡಿಕೆ ಮರದ ದಬ್ಬೆ, ಕೈಗೊಂದು ಬಳ್ಳಿ ಅಥವಾ ಹಗ್ಗ. ಆಟಿಯಲ್ಲಿ ಮಳೆ ಜಡಿದ ದಿನ ಹಾಜರಿ ಪುಸ್ತಕದಲ್ಲಿ ಯಾರ ಹೆಸರಿನ ಮುಂದೆ ಗೈರು ಬೀಳುತ್ತದೆ ನೋಡಿ, ತೋಡಿನ ಆಚೆಯವರದು. 2022ರ ಆಗಸ್ಟಿನಲ್ಲಿ ಬೈಂದೂರು ತಾಲೂಕಿನಲ್ಲಿ ಎರಡನೆಯ ಕ್ಲಾಸಿನ ಒಂದು ಮಗು ಶಾಲೆಯಿಂದ ಬರುತ್ತ ಕಾಲುಸಂಕದಿಂದ ಜಾರಿ ನೀರುಪಾಲಾಯಿತು. ಮಂತ್ರಿಗಳು ಬಂದರು, ಪಟ್ಟಿ ಮಾಡಿ ಅಂದರು. ‘ಶಾಲಾ ಸಂಪರ್ಕ ಸೇತು’ ಎಂಬ ಯೋಜನೆ ಅದಕ್ಕೂ ಕೆಲವು ವರ್ಷ ಮೊದಲೇ ಕಾಗದದಲ್ಲಿ ಇತ್ತು.

ಸುಳ್ಯದ ಎಂಜಿನಿಯರ್ ಗಿರೀಶ್ ಭಾರದ್ವಾಜರು 1989ರಲ್ಲಿ ಆರಂಬೂರಿನಲ್ಲಿ ಪಯಸ್ವಿನಿಗೆ ತೂಗುಸೇತುವೆ ಕಟ್ಟಿದರು. ಊರವರೇ ದುಡಿದರು. ಆಮೇಲೆ ಇಂಥ ನೂರಕ್ಕೂ ಹೆಚ್ಚು ಸೇತುವೆ ಕಟ್ಟಿದರು. 2017ರಲ್ಲಿ ಪದ್ಮಶ್ರೀ ಬಂತು. ನಡೆಯುವವರಿಗೆ ಮಾತ್ರವೇ ಆದ ಸೇತುವೆ, ದೊಡ್ಡ ಸೇತುವೆಯ ಖರ್ಚಿನ ಒಂದು ಚೂರಿನಲ್ಲಿ ಆಗುತ್ತದೆ ಎಂದು ಇದೇ ಜಿಲ್ಲೆ ದೇಶಕ್ಕೆ ತೋರಿಸಿದೆ. ಅಂದರೆ ವಿದ್ಯೆ ಇಲ್ಲ, ದುಡ್ಡು ಇಲ್ಲ ಎಂಬ ನೆಪ ಇಲ್ಲಿ ಯಾವ ಅಧಿಕಾರಿಯೂ ಹೇಳುವಂತಿಲ್ಲ. ‘ನಮ್ಮ ಹೊಲ ನಮ್ಮ ದಾರಿ’ ಎಂಬ ಯೋಜನೆಯೂ ಬಂದಿತ್ತು. ಹೊಲ ಇದ್ದವನಿಗೆ ದಾರಿ, ಸರಿ. ಹೊಲವೇ ಇಲ್ಲದ ಕೇರಿಯಿಂದ ಸ್ಮಶಾನಕ್ಕೆ ಹೆಣ ಹೊರುವ ದಾರಿ? ನಕಾಶೆಯಲ್ಲಿ ಕಾಲುದಾರಿ ಇರುತ್ತದೆ, ನೆಲದ ಮೇಲೆ ಯಾರದೋ ಬೇಲಿ ಇರುತ್ತದೆ. 1989ರ ದೌರ್ಜನ್ಯ ತಡೆ ಕಾಯ್ದೆ ವಾಡಿಕೆಯ ಹಾದಿಹಕ್ಕನ್ನು ತಡೆಯುವುದನ್ನು ಅಪರಾಧ ಎಂದಿದೆ. ತಹಸೀಲ್ದಾರರಿಗೆ ಅರ್ಜಿ ಬರೆಯುವಾಗ ‘ದಯವಿಟ್ಟು ದಾರಿ ಕೊಡಿಸಿ’ ಎಂದು ಬೇಡುವ ಬದಲು ಈ ಕಾಯ್ದೆಯನ್ನು ಹೆಸರಿಸಿ ಬರೆಯಬಹುದು.

2025ರ ಮೇ 14ರಂದು ಸುಪ್ರೀಂ ಕೋರ್ಟು ಪಾದಚಾರಿಗಳಿಗೆ ಫುಟ್‌ಪಾತ್ ಬಳಸುವ ಹಕ್ಕು ಸಂವಿಧಾನದ 21ನೆಯ ಅನುಚ್ಛೇದದ ಜೀವಿಸುವ ಹಕ್ಕಿನೊಳಗೇ ಸೇರಿದೆ ಎಂದಿತು. ರಾಜ್ಯಗಳು ನಿಯಮ ಮಾಡಬೇಕು ಎಂದು ಹೇಳಿತು. ಒಳ್ಳೆಯದು. ಆದರೆ ನನಗೆ 21ಕ್ಕಿಂತ 15(2)ರ ಮೇಲೆ ಭರವಸೆ ಜಾಸ್ತಿ. ಜೀವದ ಹಕ್ಕಿನ ಮಾತು ಎಲ್ಲರಿಗೂ ಸಮ ಕೇಳಿಸುತ್ತದೆ, ಕಾರಿನವನೂ ತಲೆಯಾಡಿಸುತ್ತಾನೆ. 15(2) ಕೇಳುವುದು ಖಜಾನೆಯ ಲೆಕ್ಕ: ನಮ್ಮೆಲ್ಲರ ದುಡ್ಡು ಹಾಕಿದ ರಸ್ತೆಯ ಅಗಲದಲ್ಲಿ ನಡೆಯುವವರ ಪಾಲು ಎಷ್ಟು ಅಡಿ?

ಈ ಪ್ರಶ್ನೆಗೆ ಅಂಕಿಯಲ್ಲೇ ಉತ್ತರ ಉಂಟು. ಇಂಡಿಯನ್ ರೋಡ್ಸ್ ಕಾಂಗ್ರೆಸ್ 2012ರಲ್ಲಿ ಹೊರಡಿಸಿದ ಪಾದಚಾರಿ ಸೌಕರ್ಯಗಳ ಮಾರ್ಗಸೂಚಿಯ ಪ್ರಕಾರ ಫುಟ್‌ಪಾತಿನಲ್ಲಿ ಅಡೆತಡೆ ಇಲ್ಲದೆ ನಡೆಯುವ ಜಾಗ ಕನಿಷ್ಠ 1.8 ಮೀಟರ್, ಹೆಚ್ಚುಕಡಿಮೆ ಆರು ಅಡಿ ಇರಬೇಕು. ಕೂಳೂರಿನ ಹೊಸ ಸೇತುವೆಯ ನಕ್ಷೆಯಲ್ಲಿ ಎಷ್ಟು ಬಿಟ್ಟಿದ್ದಾರೆ, ಅದಕ್ಕೆ ಎಷ್ಟು ದುಡ್ಡು ಇಟ್ಟಿದ್ದಾರೆ, ಸೇತುವೆ ಇಳಿದ ಮೇಲೆ ಆ ಆರು ಅಡಿ ಪಣಂಬೂರಿನ ಕಡೆಗೂ ಕೊಟ್ಟಾರ ಚೌಕಿಯ ಕಡೆಗೂ ಎಲ್ಲಿಯವರೆಗೆ ಹೋಗುತ್ತದೆ ಎಂಬ ಮೂರು ಪ್ರಶ್ನೆಗಳನ್ನು ಹೆದ್ದಾರಿ ಪ್ರಾಧಿಕಾರಕ್ಕೆ ಯಾರು ಬೇಕಾದರೂ ಕೇಳಬಹುದು. 2005ರ ಮಾಹಿತಿ ಹಕ್ಕು ಕಾಯ್ದೆಯ ಅರ್ಜಿಗೆ ಹತ್ತು ರೂಪಾಯಿ ಶುಲ್ಕ. ಬಡತನ ರೇಖೆಯ ಕೆಳಗಿನವರಿಗೆ ಅದೂ ಇಲ್ಲ. ಉತ್ತರ ಕೊಡಲಿಕ್ಕೆ ಮೂವತ್ತು ದಿನದ ಗಡುವು. ಅರ್ಜಿಯನ್ನು ಕನ್ನಡದಲ್ಲೇ ಬರೆಯಬಹುದು. ಬರೆಯಲು ಬಾರದವರು ಬಾಯಲ್ಲಿ ಹೇಳಿದರೆ ಅದನ್ನು ಬರವಣಿಗೆಗೆ ಇಳಿಸಿಕೊಳ್ಳಲು ಅಧಿಕಾರಿಯೇ ನೆರವಾಗಬೇಕು ಎಂದು ಕಾಯ್ದೆಯ ಆರನೆಯ ಕಲಮು ಹೇಳುತ್ತದೆ.